ಬ್ರೇಕ್ ಮೆತ್ತಗಾದರೆ ಮೊದಲು ಒತ್ತಿ ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಹಳೆಯ ಮಾರುತಿ 800, ಓಮ್ನಿ ಇನ್ನೂ ಇವೆ. ವಾರಕ್ಕೊಮ್ಮೆ ಪೇಟೆಗೆ ಹೋಗಿಬರುತ್ತವೆ, ಉಳಿದಂತೆ ಶೆಡ್ಡಿನಲ್ಲೇ. ಅವನ್ನು ಗ್ಯಾರೇಜಿಗೆ ತಂದವರು ಹೇಳುವುದು ಹೆಚ್ಚಾಗಿ ಒಂದೇ: "ಬ್ರೇಕ್ ಮೆತ್ತಗಾಗಿದೆ, ಸ್ವಲ್ಪ ಏರ್ ತೆಗೆದುಕೊಡಿ." ಅಂದರೆ ಬ್ರೇಕ್ ಆಯಿಲ್ ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಬಿಡುವುದು. ಏರ್ ತೆಗೆಯೋಣ. ಆದರೆ ತಪ್ಪು ಏರ್‌ನದ್ದೇ ಅಂತ ಗೊತ್ತಾಗಬೇಕಲ್ವಾ?

ಗಾಡಿ ನಿಂತಲ್ಲೇ ಎಂಜಿನ್ ಸ್ಟಾರ್ಟ್ ಮಾಡಿ ಪೆಡಲ್ ಒತ್ತಿ. ಸ್ಪಂಜಿನ ಹಾಗೆ ಅಮುಕಿದರೆ ಪೈಪಿನೊಳಗೆ ಗಾಳಿ ಇದೆ. ಮೊದಲ ಸಲ ಕೆಳಗೆ ಹೋಗಿ, ತಕ್ಷಣ ಇನ್ನೊಮ್ಮೆ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್ ಬಿಚ್ಚಿ ನೋಡಿ. ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಲೈನರ್ ಸವೆದು ನಡುವಿನ ಗ್ಯಾಪ್ ಜಾಸ್ತಿಯಾಗಿರುತ್ತದೆ. ಅದಕ್ಕೆ ಎಷ್ಟು ಏರ್ ತೆಗೆದರೂ ಸುಮ್ನೆ.

ನನಗೆ ಹೆದರಿಕೆ ಆಗುವುದು ಮೂರನೆಯದಕ್ಕೆ. ಹಗುರವಾಗಿ ಒತ್ತಿ ಅರ್ಧ ನಿಮಿಷ ಹಿಡಿದರೆ ಪೆಡಲ್ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಹೊರಗೆ ಎಲ್ಲೂ ಒಸರಿಲ್ಲ, ಬ್ರೇಕ್ ಆಯಿಲ್ ತುಂಬುವ ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿಲ್ಲ. ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ವಾಷರ್ ಹೋಗಿದೆ, ಆಯಿಲ್ ಒಳಗೊಳಗೇ ಹಿಂದೆ ಜಾರುತ್ತಿದೆ. ಈ ಗಾಡಿಯನ್ನು ಮನೆಯ ತನಕವೂ ಓಡಿಸಬೇಡಿ. ಡಬ್ಬಿಯಲ್ಲಿ ಆಯಿಲ್ ಇಳಿಯುತ್ತಿದ್ದರೆ ಹಿಂದಿನ ಚಕ್ರಗಳ ಒಳಮೈ ಮುಟ್ಟಿ ನೋಡಿ, ಡ್ರಮ್ಮಿನೊಳಗೆ ಲೈನರನ್ನು ತಳ್ಳುವ ವೀಲ್ ಸಿಲಿಂಡರ್ ಒಸರುತ್ತಿರಬಹುದು. ಅಲ್ಲೂ ಒಣಗಿದ್ದರೆ ಮಾಸ್ಟರ್ ಸಿಲಿಂಡರನ್ನು ಬೂಸ್ಟರಿನಿಂದ (ಕಾಲಿನ ಒತ್ತಿಗೆ ಬಲ ಕೂಡಿಸುವ ಭಾಗ) ಬಿಚ್ಚಿ ಹಿಂಬದಿ ನೋಡಬೇಕು. ಆಯಿಲ್ ಬೂಸ್ಟರಿನೊಳಗೆ ಹೋಗಿ ಕೂತರೆ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ.

ಹಾಂ, ಪೆಡಲ್ ಒತ್ತಿಕೊಂಡೇ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಕೆಳಗಿಳಿದರೆ ಗಾಬರಿ ಬೇಡ. ಬೂಸ್ಟರ್ ಸರಿ ಇದೆ ಅಂತ ಅರ್ಥ.

ಏರ್ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡುವುದು ರೂಢಿ. ಕೆಲವು ಗಾಡಿಗಳಲ್ಲಿ ಕ್ರಮ ಬೇರೆ, ಮ್ಯಾನ್ಯುಯಲ್ ನೋಡಿಕೊಳ್ಳಿ. ಚಕ್ರದ ಒಳಬದಿಯಲ್ಲಿ ಗಾಳಿ ಬಿಡಲು ಇರುವ ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಒತ್ತಿ ಹಿಡಿಯುವುದು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿ ಮಾಡುವುದು, ಆಮೇಲೆ ಕಾಲು ತೆಗೆಯುವುದು. ಗುಳ್ಳೆ ನಿಲ್ಲುವ ತನಕ ಇದೇ. ನಡುವೆ ಡಬ್ಬಿ ಖಾಲಿಯಾದರೆ ಮಾಡಿದ್ದೆಲ್ಲ ವ್ಯರ್ಥ.

ಹಳೆಯ ಗಾಡಿಯಲ್ಲಿ ಏರ್ ತೆಗೆಯುವಾಗ ಮಾತ್ರ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನವೂ ಓಡಿಸುವಾಗ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ, ಹಾಗಾಗಿ ಮಾಸ್ಟರ್ ಸಿಲಿಂಡರಿನ ಆ ತುದಿಯಲ್ಲಿ ತುಕ್ಕು, ಕೆಸರು ಕಟ್ಟಿರುತ್ತದೆ. ಏರ್ ತೆಗೆಯುವ ಭರದಲ್ಲಿ ತಳ ಮುಟ್ಟುವಂತೆ ಒತ್ತಿದರೆ ವಾಷರ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಬೆಳಿಗ್ಗೆ ಸರಿ ಇದ್ದ ಮಾಸ್ಟರ್ ಸಿಲಿಂಡರ್ ಸಂಜೆಗೆ ಹೋಯಿತು! ಎಲ್ಲ ಮಾಡಿಯೂ ಮೆತ್ತಗೇ ಇದ್ದರೆ ರಬ್ಬರ್ ಹೋಸ್ ನೋಡಿ, ಹಳತಾದರೆ ಒತ್ತಡಕ್ಕೆ ಉಬ್ಬುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರ? ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ್ದಕ್ಕೆ ಇರುವ ಮಿತಿ 140 ಅಷ್ಟೇ. ಭಾಗಮಂಡಲದಿಂದ ಕರಿಕೆ ದಾರಿಯಾಗಿ ಪಾಣತ್ತೂರಿಗೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಇಂಥ ಆಯಿಲ್ ಕುದಿದು, ಪೆಡಲ್ ಏಕಾಏಕಿ ಕೆಳಗೆ ಹೋಗಬಹುದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಗಾಡಿ ಓಡಿರಲಿ ಬಿಡಲಿ. ಕಪಾಟಿನಲ್ಲಿ ಕಳೆದ ಮಳೆಗಾಲಕ್ಕೆ ಮುಂಚೆ ಮುಚ್ಚಳ ತೆಗೆದ ಅರ್ಧ ಬಾಟಲಿ ಇದ್ದರೆ ಅದನ್ನು ಹಾಕಬೇಡಿ.