ಸ್ಟುಡಿಯೋದ ಮರದ ಕ್ಯಾಮೆರಾ ನಿಜಕ್ಕೂ ಎಷ್ಟು ಹಳೆಯದು?

ಓದುಗರ ಪ್ರಶ್ನೆ: ತಾತನವರ ಸ್ಟುಡಿಯೋದಲ್ಲಿದ್ದ ತೇಗದ ಮರದ ದೊಡ್ಡ ಕ್ಯಾಮೆರಾ ನಮ್ಮ ಮನೆಯಲ್ಲಿದೆ. ಅದರ ಹಿತ್ತಾಳೆಯ ಲೆನ್ಸಿನ ಮೇಲೆ ಲಂಡನ್ನಿನ ಕಂಪನಿಯೊಂದರ ಹೆಸರನ್ನೂ ಒಂದು ಸಂಖ್ಯೆಯನ್ನೂ ಕೆತ್ತಲಾಗಿದೆ. ನೂರೈವತ್ತು ವರ್ಷ ಹಳೆಯದಿರಬೇಕು ಎಂದು ನೋಡಿದವರು ಹೇಳುತ್ತಾರೆ. ಅದರ ಕಾಲವನ್ನು ತಿಳಿಯುವುದು ಹೇಗೆ?

ಉತ್ತರ: ಮೊದಲಿಗೆ ಕ್ಯಾಮೆರಾವನ್ನೂ ಲೆನ್ಸನ್ನೂ ಎರಡು ಬೇರೆ ವಸ್ತುಗಳೆಂದು ಎಣಿಸಿ, ಒಂದೊಂದರ ಕಾಲವನ್ನೂ ಪ್ರತ್ಯೇಕವಾಗಿ ನಿರ್ಣಯಿಸಬೇಕು. ಇಂತಹ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರುವ ಮುಂದಿನ ಹಲಗೆಯನ್ನು ಕ್ಷಣದಲ್ಲಿ ಕಳಚಬಹುದು. ಆದ್ದರಿಂದ ಒಳ್ಳೆಯ ಲೆನ್ಸ್ ಕೈಗೆ ಬಂದ ಛಾಯಾಗ್ರಾಹಕರು ಕ್ಯಾಮೆರಾ ಬದಲಾಯಿಸಿದರೂ ಅದನ್ನು ಬಿಟ್ಟುಕೊಡುತ್ತಿರಲಿಲ್ಲ.

ಮರ ಮತ್ತು ಹಿತ್ತಾಳೆಗಳನ್ನು ಕಂಡೊಡನೆ ವಿಕ್ಟೋರಿಯಾ ರಾಣಿಯ ಕಾಲವನ್ನು ಊಹಿಸುವುದು ನಮ್ಮಲ್ಲಿ ಬಹಳ ಸಾಮಾನ್ಯ. ಆದರೆ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಅವರು 1940ರ ದಶಕದಲ್ಲಿ ಆರಂಭಿಸಿದ ವಾಗೀಶ್ವರಿ ಕ್ಯಾಮೆರಾ ಕಾರ್ಖಾನೆಯು ತೇಗ ಮತ್ತು ಹಿತ್ತಾಳೆಯ ಫೀಲ್ಡ್ ಕ್ಯಾಮೆರಾಗಳನ್ನು (ಮಡಚಿ ಒಯ್ಯಬಹುದಾದ ದೊಡ್ಡ ಕ್ಯಾಮೆರಾಗಳನ್ನು) 1980ರ ದಶಕದವರೆಗೂ ದೇಶದಾದ್ಯಂತ ಪೂರೈಸಿತು. ದಕ್ಷಿಣ ಭಾರತದ ಸ್ಟುಡಿಯೋ ಒಂದರಿಂದ ಬಂದ ಕ್ಯಾಮೆರಾವನ್ನು ಪರೀಕ್ಷಿಸುವವರು ಈ ಸಾಧ್ಯತೆಯನ್ನೇ ಮೊದಲು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ತಳದ ಹಲಗೆ, ಹಿಂಬದಿಯ ಚೌಕಟ್ಟು ಮತ್ತು ಮುಂಭಾಗದಲ್ಲಿ ತಯಾರಕರ ಚಿಕ್ಕ ಫಲಕವೋ, ಅದು ಬಿದ್ದುಹೋಗಿದ್ದರೆ ಮೊಳೆಯ ರಂಧ್ರಗಳೋ ಇವೆಯೇ ಎಂದು ಹುಡುಕಿ. ವಾಗೀಶ್ವರಿಯಂತಹ ಕ್ಯಾಮೆರಾ ಎಂದು ಖಚಿತವಾದರೂ ಅದು ಕಡಿಮೆಯ ವಸ್ತುವೇನಲ್ಲ. ಭಾರತದ ಛಾಯಾಗ್ರಹಣ ಚರಿತ್ರೆಯಲ್ಲಿ ಅದಕ್ಕೆ ಗೌರವದ ಸ್ಥಾನವಿದೆ.

ಇನ್ನು ಲೆನ್ಸಿನ ವಿಚಾರ. ಅದರ ಮೇಲಿನ ಪ್ರತಿಯೊಂದು ಗುರುತೂ ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಒಂದು ಗಡಿಯನ್ನು ಹಾಕುತ್ತದೆ. ಲಂಡನ್ನಿನ ಲೆನ್ಸ್ ತಯಾರಕ ಆಂಡ್ರ್ಯೂ ರಾಸ್ 1859ರಲ್ಲಿ ತೀರಿಕೊಂಡ ಬಳಿಕ ಅವರ ಅಳಿಯ ಜೆ. ಎಚ್. ಡಾಲ್‌ಮೇಯರ್ ಸ್ವಂತ ಹೆಸರಿನಲ್ಲಿ ವ್ಯವಹಾರ ಆರಂಭಿಸಿದ್ದರಿಂದ, ಡಾಲ್‌ಮೇಯರ್ ಹೆಸರಿನ ಲೆನ್ಸ್ ಅದಕ್ಕಿಂತ ಹಿಂದಿನದಾಗಿರಲಾರದು. ವಿನ್ಯಾಸದ, ಅಂದರೆ ಒಳಗಿನ ಗಾಜುಗಳ ಜೋಡಣೆಯ, ಹೆಸರನ್ನೂ ಹೀಗೆಯೇ ಓದಬೇಕು. ರ್‍ಯಾಪಿಡ್ ರೆಕ್ಟಿಲೀನಿಯರ್ ಎಂದಿದ್ದರೆ 1866ರ ನಂತರದ್ದು, ಕುಕ್ ಎಂದಿದ್ದರೆ 1893ರ ನಂತರದ್ದು, ಟೆಸ್ಸಾರ್ ಎಂದಿದ್ದರೆ 1902ರ ನಂತರದ್ದು. ಇವು ವಿನ್ಯಾಸ ಹುಟ್ಟಿದ ವರ್ಷಗಳೇ ಹೊರತು ನಿಮ್ಮ ಲೆನ್ಸ್ ತಯಾರಾದ ವರ್ಷಗಳಲ್ಲ. ರ್‍ಯಾಪಿಡ್ ರೆಕ್ಟಿಲೀನಿಯರ್ ಮಾದರಿಯ ಲೆನ್ಸುಗಳು 20ನೆಯ ಶತಮಾನದಲ್ಲೂ ಮಾರಾಟವಾಗುತ್ತಿದ್ದವು.

ಬೆಳಕಿನ ಪ್ರಮಾಣವನ್ನು ನಿಯಂತ್ರಿಸುವ ಏರ್ಪಾಡು ಇನ್ನೊಂದು ಒಳ್ಳೆಯ ಸುಳಿವು. ಲೆನ್ಸಿನ ಕೊಳವೆಯ ಪಕ್ಕದಲ್ಲಿ ತೂತುಳ್ಳ ಲೋಹದ ತಗಡನ್ನು ತೂರಿಸಲು ಸೀಳು ಇದ್ದರೆ, ಅದು ಜಾನ್ ವಾಟರ್‌ಹೌಸ್ 1858ರಲ್ಲಿ ಪ್ರಚಾರಕ್ಕೆ ತಂದ ಪದ್ಧತಿ. ಅದಕ್ಕಿಂತ ಹಳೆಯ ಲೆನ್ಸುಗಳಿಗೂ ಮುಂದೆ ಇಂತಹ ಸೀಳನ್ನು ಕೊರೆಸಿದ್ದುಂಟು. ಆದ್ದರಿಂದ ಸೀಳಿನ ಅಂಚು ಒರಟಾಗಿದೆಯೇ, ಕೆತ್ತಿದ ಅಕ್ಷರಗಳನ್ನು ತುಂಡರಿಸಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಬೇಕು. ಉಂಗುರ ತಿರುಗಿಸಿದರೆ ಕಿರಿದಾಗುವ ಐರಿಸ್ (ತೆಳು ಎಲೆಗಳಿಂದಾದ ಬೆಳಕಿನ ಕಿಂಡಿ) ಇದ್ದರೆ, ಲೆನ್ಸ್ ಬಹುಮಟ್ಟಿಗೆ 1880ರ ದಶಕ ಅಥವಾ ಅದರ ನಂತರದ್ದು. ಕಿಂಡಿಯ ಅಳತೆಯ ಅಂಕಿಗಳು 4, 8, 16, 32, 64 ಎಂದು ಇಮ್ಮಡಿಯಾಗುತ್ತ ಹೋಗಿದ್ದರೆ ಅವು 1881ರಲ್ಲಿ ಬ್ರಿಟನ್ನಿನಲ್ಲಿ ಸೂಚಿಸಲಾದ ಯೂನಿಫಾರ್ಮ್ ಸಿಸ್ಟಂ ಎಂಬ ಅಳತೆ ಪದ್ಧತಿಯವು. ಅದರಲ್ಲಿ 4 ಎಂದರೆ ಇಂದಿನ ಕ್ಯಾಮೆರಾಗಳ ಕಿಂಡಿಯ ಅಳತೆಯಲ್ಲಿ ಎಫ್ 8. ಗಾಜಿನಲ್ಲಿ ನೇರಳೆ ಅಥವಾ ನೀಲಿ ಛಾಯೆಯ ಪ್ರತಿಫಲನ ಕಂಡರೆ ಅದಕ್ಕೆ ಪ್ರತಿಫಲನ ತಗ್ಗಿಸುವ ಲೇಪನವಿದೆ ಎಂದರ್ಥ. ಜರ್ಮನಿಯ ಜೈಸ್ ಕಂಪನಿ ಇಂತಹ ಲೇಪನವನ್ನು ಕಂಡುಹಿಡಿದದ್ದು 1935ರಲ್ಲಿ, ಅದು ಸಾಮಾನ್ಯವಾದದ್ದು ಎರಡನೆಯ ಮಹಾಯುದ್ಧದ ನಂತರ.

ಹೆಸರು ಅಳಿಸಿಹೋಗಿದ್ದರೂ ವಿನ್ಯಾಸವನ್ನು ಗುರುತಿಸುವ ಒಂದು ಪರೀಕ್ಷೆಯಿದೆ, ಅದು ನನಗೆ ಅತ್ಯಂತ ಪ್ರಿಯವಾದದ್ದು. ಕತ್ತಲೆಯ ಕೋಣೆಯಲ್ಲಿ ಲೆನ್ಸಿನ ಮುಂದಿನ ಗಾಜುಗಳ ಗುಂಪನ್ನು ಬಿಚ್ಚಿ, ಚಿಕ್ಕ ಟಾರ್ಚಿನ ಬೆಳಕನ್ನು ಅದರ ಮೇಲೆ ಓರೆಯಾಗಿ ಬಿಟ್ಟು ಪ್ರತಿಫಲನಗಳನ್ನು ಎಣಿಸಿ. ಬಳಿಕ ಹಿಂದಿನ ಗುಂಪಿಗೂ ಹಾಗೆಯೇ ಮಾಡಿ. ಗಾಳಿಗೆ ತೆರೆದ ಒಂದೊಂದು ಮೈಯೂ ಒಂದು ಪ್ರಖರ ಚುಕ್ಕೆಯನ್ನು ಕೊಡುತ್ತದೆ, ಎರಡು ಗಾಜುಗಳನ್ನು ಅಂಟಿಸಿದ ಜಾಗ ಮಸುಕಾದ ಚುಕ್ಕೆಯನ್ನು ಕೊಡುತ್ತದೆ. ಮುಂದೆಯೂ ಹಿಂದೆಯೂ ಎರಡು ಪ್ರಖರ, ಒಂದು ಮಸುಕು ಕಂಡರೆ ರ್‍ಯಾಪಿಡ್ ರೆಕ್ಟಿಲೀನಿಯರ್ ಮಾದರಿ ಎನ್ನಬಹುದು. ಮುಂದೆ ಅಷ್ಟೇ ಇದ್ದು ಹಿಂದೆ ನಾಲ್ಕು ಪ್ರಖರ ಚುಕ್ಕೆಗಳಿದ್ದರೆ, 1840ರಲ್ಲಿ ವಿಯೆನ್ನಾದ ಜೋಸೆಫ್ ಪೆಟ್ಸ್‌ವಾಲ್ ರೂಪಿಸಿದ ಭಾವಚಿತ್ರ ಲೆನ್ಸಿನ ವಂಶದ್ದು. ಇದಕ್ಕೆ ತಿರುವುಮುರುವಾಗಿ ಮುಂದೆ ನಾಲ್ಕು ಪ್ರಖರ, ಹಿಂದೆ ಎರಡು ಪ್ರಖರ ಮತ್ತು ಒಂದು ಮಸುಕು ಇದ್ದರೆ ಅದು ಟೆಸ್ಸಾರ್ ಮಾದರಿ.

ಸಂಖ್ಯೆಯನ್ನು ಕೊನೆಗೆ ನೋಡಿ. ಸಂಗ್ರಾಹಕರು ಸಿದ್ಧಪಡಿಸಿದ ಕ್ರಮಸಂಖ್ಯೆಯ ಪಟ್ಟಿಗಳು ಹಲವು ತಯಾರಕರಿಗೆ ಲಭ್ಯವಿವೆ. ಸಂಖ್ಯೆಗಳನ್ನು ಮೊದಲೇ ಗುಂಪುಗುಂಪಾಗಿ ಮೀಸಲಿಡುತ್ತಿದ್ದುದರಿಂದ ಅವು ತೋರಿಸುವ ವರ್ಷವನ್ನು ಸುಮಾರು ಎಂದೇ ಸ್ವೀಕರಿಸಬೇಕು. ವಿನ್ಯಾಸ, ಐರಿಸ್ ಮತ್ತು ಸಂಖ್ಯೆ ಪರಸ್ಪರ ಒಪ್ಪದಿದ್ದರೆ ಗಾಜು ಬದಲಾಗಿರಬಹುದೆಂದು ಶಂಕಿಸಿ. ಹಲವು ಹಳೆಯ ಲೆನ್ಸುಗಳಲ್ಲಿ ಗಾಜಿನ ಅಂಚಿನ ಮೇಲೆ ಕೆಲಸಗಾರರು ಪೆನ್ಸಿಲಿನಿಂದ ಬರೆದ ಸಂಖ್ಯೆ ಇಂದಿಗೂ ಉಳಿದಿರುತ್ತದೆ. ಅದು ಹೊರಗಿನ ಕೆತ್ತನೆಗೆ ಹೊಂದಿದರೆ ಗಾಜು ಮೂಲದ್ದೇ. ಆದ್ದರಿಂದ ಅಂಚನ್ನು ಒರೆಸಬೇಡಿ, ಹಿತ್ತಾಳೆಗೆ ಪಾಲಿಷ್ ಹಾಕಲೂ ಬೇಡಿ. ತಯಾರಕರು ಹಚ್ಚಿದ ಮೂಲ ಮೆರುಗೆಣ್ಣೆಯೂ ತೆಳುವಾದ ಕೆತ್ತನೆಯೂ ಒಮ್ಮೆ ಸವೆದುಹೋದರೆ ಮತ್ತೆ ಬರುವುದಿಲ್ಲ.