ಪಾಲೆಯ ಕಹಿ, ಮಲೇರಿಯಾದ ಮದ್ದು

ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಮಂಗಳೂರಿನ ಕಡೆ ಬೆಳಗ್ಗಿನ ಕಾಫಿಗಿಂತ ಮೊದಲು ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಲ್ಲೇ ಜಜ್ಜಿ ಕೆತ್ತೆ ತರಬೇಕು. ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೊಳ್ಳುಕಲ್ಲನ್ನು (ಬಿಳಿ ಕಲ್ಲು) ಅದಕ್ಕೆ ಹಾಕಿದರೆ ಚುಂಯ್ ಎನ್ನುತ್ತದೆ. ಆಮೇಲೆ ದೇಹ ತಂಪಾಗಲು ಮೆಂತೆ ಗಂಜಿ. ಗಂಜಿಯ ಆಸೆಗೇ ಕಷಾಯ ನುಂಗಿದವರಲ್ಲಿ ನಾನೂ ಒಬ್ಬ.

ಮಳೆಗಾಲದ ಕಾಯಿಲೆಗಳಿಗೆ ಇದು ತಡೆ ಎಂಬುದು ಹಿರಿಯರ ಮಾತು. ನಗರದಲ್ಲಿ 1990ರ ದಶಕದಿಂದ ಮಲೇರಿಯಾ ಬೇರೂರಿದ ಮೇಲೆ ಆ ಮಾತಿಗೆ ಒಂದು ಬಾಲ ಸೇರಿದೆ: ಮಲೇರಿಯಾಕ್ಕೂ ಇದೇ ಸಾಕಂತೆ.

ಬಾಲ ಹೊಸತೇನಲ್ಲ. ಪೆರುವಿನ ಕಡೆಯ ಸಿಂಕೋನಾ ಮರದ ತೊಗಟೆಯಿಂದ ಪೆಲೆಟಿಯೇ ಮತ್ತು ಕಾವಾಂಟು ಎಂಬ ಫ್ರೆಂಚ್ ರಸಾಯನಜ್ಞರು 1820ರಲ್ಲಿ ಮಲೇರಿಯಾದ ಮದ್ದು ಕ್ವಿನೈನ್ ಬೇರ್ಪಡಿಸಿದರು. ಬೇಡಿಕೆ ಏರಿತು, ಬೆಲೆಯೂ ಏರಿತು. ಬ್ರಿಟಿಷರು 1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನಾ ನೆಟ್ಟದ್ದು ಇದೇ ಕಾರಣಕ್ಕೆ. ಅಗ್ಗದ ಬದಲಿ ಹುಡುಕುವವರ ಕಣ್ಣು ಆಗ ನಮ್ಮ ಪಾಲೆಯ ಮೇಲೂ ಬಿತ್ತು. ಸಂಸ್ಕೃತದಲ್ಲಿ ಸಪ್ತಪರ್ಣಿ, ಫಿಲಿಪ್ಪೀನ್ಸ್‌ನಲ್ಲಿ ಡಿಟಾ. ಅದರ ತೊಗಟೆಯ ಸಾರ 'ಡಿಟೈನ್' ಕ್ವಿನೈನ್‌ಗೆ ಸಮ ಎಂದು ಹತ್ತೊಂಬತ್ತನೇ ಶತಮಾನದಲ್ಲಿ ಸಾಕಷ್ಟು ಹೊಗಳಿಸಿಕೊಂಡಿತ್ತು.

ಪರೀಕ್ಷೆಯಲ್ಲಿ ಪಾಲೆ ಸೋತಿತು. ಮಲೇರಿಯಾ ತಗಲಿಸಿದ ಇಲಿಗಳಿಗೆ ತೊಗಟೆಯ ಸಾರ ಕೊಟ್ಟು ನಡೆಸಿದ, 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗ ತರುವ ಪರಾವಲಂಬಿಯ ಮೇಲೆ ಅದರ ಆಟ ನಡೆಯಲಿಲ್ಲ. ತೊಗಟೆಯ ಮುಖ್ಯ ಆಲ್ಕಲಾಯ್ಡ್ (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ಎಕಿಟಮೈನ್ ಕೂಡ ಪ್ರಯೋಗಾಲಯದಲ್ಲಿ ನಿರಾಸೆಯನ್ನೇ ಕೊಟ್ಟಿತು. ಕ್ವಿನೈನ್ ಕಹಿ, ಪಾಲೆಯೂ ಕಹಿ. ಹೋಲಿಕೆ ನಾಲಿಗೆಯ ಮಟ್ಟಕ್ಕೇ ನಿಂತಿತು.

ಹಾಗೆಂದು ಹಳೆಯ ಮದ್ದುಗಳೆಲ್ಲ ಬರೀ ನಂಬಿಕೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಮಲೇರಿಯಾದ ಮಾತ್ರೆ ಕ್ಲೋರೋಕ್ವಿನ್‌ಗೆ ರೋಗಾಣು ಬಗ್ಗದಂತಾದಾಗ ಚೀನಾ 1967ರಲ್ಲಿ 'ಯೋಜನೆ 523' ಎಂಬ ಗುಟ್ಟಿನ ಕೆಲಸ ಶುರುಮಾಡಿತು. ಅಲ್ಲಿನ ವಿಜ್ಞಾನಿ ತೂ ಯೂಯೂ ಅವರ ತಂಡ ಹಳೆಯ ವೈದ್ಯಗ್ರಂಥಗಳನ್ನು ಜಾಲಾಡಿ ಚಿಂಗ್‌ಹಾವ್ ಎಂಬ ಗಿಡಕ್ಕೆ ಬಂದು ನಿಂತಿತು. ಸಾರ ಒಮ್ಮೆ ಕೆಲಸ ಮಾಡುವುದು, ಇನ್ನೊಮ್ಮೆ ಕೈಕೊಡುವುದು. ನಾಲ್ಕನೇ ಶತಮಾನದ ವೈದ್ಯ ಗೆ ಹೊಂಗ್ ಬರೆದದ್ದನ್ನು ತೂ ಮತ್ತೆ ಓದಿದರು: ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿ. ಕುದಿಸು ಎಂದು ಎಲ್ಲೂ ಇಲ್ಲ! ಬಿಸಿಗೆ ಗುಣ ಕೆಡುತ್ತಿದೆಯೆಂದು ಊಹಿಸಿ, ಕಡಿಮೆ ಶಾಖದಲ್ಲೇ ಕುದಿಯುವ ಈಥರ್ ಬಳಸಿ 1971ರಲ್ಲಿ ಸಾರ ತೆಗೆದರು. ಇಲಿ, ಮಂಗಗಳಲ್ಲಿ ಪರಾವಲಂಬಿ ಪೂರ್ತಿ ಮಾಯ. ಆರ್ಟೆಮಿಸಿನಿನ್ ಹುಟ್ಟಿದ್ದು ಹೀಗೆ. 2015ರಲ್ಲಿ ತೂ ಅವರಿಗೆ ನೊಬೆಲ್.

ಪರಾವಲಂಬಿ ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಉಳಿಯುವ ಕಬ್ಬಿಣದಂಶದ ಹೀಮ್ ಅದಕ್ಕೇ ವಿಷ. ಹರಳು ಕಟ್ಟಿ ಬದಿಗಿಡುತ್ತದೆ. ಆ ಹರಳು ಕಟ್ಟುವ ಕೆಲಸಕ್ಕೆ ಕ್ವಿನೈನ್ ಅಡ್ಡಗಾಲು ಹಾಕುತ್ತದೆಂದು ತಿಳಿಯಲಾಗಿದೆ. ಆರ್ಟೆಮಿಸಿನಿನ್ ಅಣುವಿನಲ್ಲಿ ಎರಡು ಆಮ್ಲಜನಕಗಳ ಸೇತುವೆಯಿದೆ. ಕಬ್ಬಿಣ ತಾಗಿದೊಡನೆ ಅದು ಮುರಿದು ಪರಾವಲಂಬಿಯ ಒಳಗನ್ನೇ ಸುಡುತ್ತದೆ.

ಮಂಗಳೂರಿನ ತಲೆನೋವು ಮಾತ್ರ ಬೇರೆ. ಇಲ್ಲಿ ಹೆಚ್ಚು ಕಾಣುವುದು ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಪರಾವಲಂಬಿ. ಕಟ್ಟಡ ಕಾಮಗಾರಿಯ ಕಡೆ, ನೀರು ತುಂಬಿದ ಟ್ಯಾಂಕಿನಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಅದನ್ನು ಹೊತ್ತು ತಿರುಗುತ್ತದೆ. ವೈವ್ಯಾಕ್ಸ್‌ನ ಒಂದು ರೂಪ ಯಕೃತ್ತಿನಲ್ಲಿ ನಿದ್ದೆ ಹೋಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ಮತ್ತೆ ಚಳಿಜ್ವರ ತರುತ್ತದೆ. ಅದನ್ನು ಕ್ವಿನೈನೂ ಮುಟ್ಟದು, ಆರ್ಟೆಮಿಸಿನಿನ್ನೂ ಮುಟ್ಟದು. ಮುಟ್ಟುವುದು ಯಾವ ಗಿಡದಿಂದಲೂ ಬಾರದ, ಕಾರ್ಖಾನೆಯಲ್ಲೇ ಹುಟ್ಟಿದ ಪ್ರೈಮಾಕ್ವಿನ್. ಇಲ್ಲಿ 14 ದಿನ ನುಂಗಬೇಕು. ಮೂರನೇ ದಿನ ಜ್ವರ ಇಳಿಯಿತೆಂದು ಮಾತ್ರೆ ಬಿಟ್ಟು ಕೆಲಸಕ್ಕೆ ಹೋಗುವವರೇ ದೊಡ್ಡ ಸಮಸ್ಯೆ.

ಕಷಾಯವನ್ನು ನಾನೇನೂ ಬಿಡುವವನಲ್ಲ, ಅದು ಆಟಿಯ ರುಚಿ. ಆದರೆ ಮರ ಗುರುತಿಸುವವರು ಕಡಿಮೆಯಾಗಿದ್ದಾರೆ. ಕತ್ತಲಲ್ಲಿ ಪಾಲೆಯೆಂದು ಕಾಸರಕ ಎಂಬ ಬೇರೊಂದು ಮರದ ಕೆತ್ತೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಸೆಟೆದುಕೊಂಡು ಸಾಯುವಂಥ ವಿಷ. ಪಾಲೆಗೆ ಗಾಯ ಮಾಡಿದರೆ ಬಿಳಿ ಹಾಲು ಸುರಿಯುತ್ತದೆ, ಎಲೆಗಳು ಒಂದೇ ಗೆಣ್ಣಿನಲ್ಲಿ ಸುತ್ತ ಏಳರ ಆಸುಪಾಸಿನಲ್ಲಿ ಕೂತಿರುತ್ತವೆ. ಕಾಸರಕಕ್ಕೆ ಹಾಲಿಲ್ಲ, ಎಲೆ ಎದುರುಬದುರಾಗಿ ಎರಡೆರಡು. ನಮ್ಮ ಮಾವ ಹಿಂದಿನ ದಿನ ಹಗಲಲ್ಲೇ ಹೋಗಿ ಮರ ನೋಡಿ, ಬುಡಕ್ಕೊಂದು ಬಳ್ಳಿ ಕಟ್ಟಿ ಬರುತ್ತಾರೆ.