ಇಳಿಯುವಾಗ ಆ ಎತ್ತರ ಎಲ್ಲಿಗೆ ಹೋಗುತ್ತೆ?

ಮುಳ್ಳಯ್ಯನಗಿರಿ ಹತ್ತುವಾಗ ಎಂಜಿನ್ ಎಷ್ಟು ಕಷ್ಟಪಡುತ್ತದೆ ಎನ್ನುವುದು ಗಾಡಿಯಲ್ಲಿ ಕೂತ ಎಲ್ಲರಿಗೂ ಕೇಳಿಸುತ್ತದೆ. ಇಳಿಯುವಾಗ ಹೆಚ್ಚುಕಡಿಮೆ ಅಷ್ಟೇ ಕಷ್ಟ ಬ್ರೇಕಿನ ಪಾಲಿಗೆ ಬರುತ್ತದೆ. ಅದು ಯಾರಿಗೂ ಕೇಳಿಸುವುದಿಲ್ಲ.

ಚಿಕ್ಕಮಗಳೂರಿನಲ್ಲಿ ಗ್ಯಾರೇಜು ನಡೆಸುವ ನನಗೆ ಶನಿವಾರ, ಭಾನುವಾರ ಬಂತೆಂದರೆ ಒಂದೇ ಥರದ ದೂರು. "ಅಣ್ಣ, ಇಳೀತಾ ಇದ್ದಾಗ ಪೆಡಲ್ ಪೂರ್ತಿ ಒಳಗೆ ಹೋಗಿಬಿಡ್ತು. ಈಗ ನೋಡಿದ್ರೆ ಸರಿ ಇದೆ." ಗಾಡಿ ಗ್ಯಾರೇಜಿಗೆ ಬರುವಷ್ಟರಲ್ಲಿ ಬ್ರೇಕ್ ನಿಜಕ್ಕೂ ಸರಿಯಾಗಿರುತ್ತದೆ. ಚಕ್ರ ಬಿಚ್ಚಿದಾಗ ಗುರುತು ಸಿಗುತ್ತದೆ: ಚಕ್ರದ ಜೊತೆ ತಿರುಗುವ ಡಿಸ್ಕ್ ನೀಲಿಗಟ್ಟಿರುತ್ತದೆ, ಅದನ್ನು ಒತ್ತಿಹಿಡಿಯುವ ಪ್ಯಾಡಿನ ಮೇಲ್ಮೈ ಗಾಜಿನಂತೆ ನುಣ್ಣಗಾಗಿರುತ್ತದೆ. ಸುಟ್ಟ ವಾಸನೆ ಇನ್ನೂ ಹೋಗಿರುವುದಿಲ್ಲ.

ಏನಾಯಿತು ಅಂತ ತಿಳಿಯಲು ಒಂದು ಲೆಕ್ಕ ಮಾಡೋಣ. ಒಂದು ಕೆಜಿ ತೂಕವನ್ನು ಒಂದು ಮೀಟರ್ ಎತ್ತಲು 9.8 ಜೌಲ್ ಶಕ್ತಿ ಬೇಕು. ಜನ, ಲಗೇಜು ಸೇರಿ ಕಾರು 1,500 ಕೆಜಿ ಇದೆ ಎಂದಿಟ್ಟುಕೊಳ್ಳಿ. ಶಿಖರ ಇರುವುದು 1,930 ಮೀಟರ್ ಎತ್ತರದಲ್ಲಿ. ರಸ್ತೆ ಅಲ್ಲಿಯವರೆಗೆ ಹೋಗುವುದಿಲ್ಲ, ಕೊನೆಗೆ ಮೆಟ್ಟಿಲು ಹತ್ತಬೇಕು. ಹಾಗಾಗಿ ಊರಿನವರೆಗಿನ ಇಳಿತವನ್ನು ಲೆಕ್ಕಕ್ಕೆ 700 ಮೀಟರ್ ಅಂತ ಹಿಡಿಯೋಣ. 9.8, 1,500, 700 ಮೂರನ್ನೂ ಗುಣಿಸಿದರೆ ಒಂದು ಕೋಟಿ ಜೌಲ್ ದಾಟುತ್ತದೆ. 30 ಲೀಟರ್ ತಣ್ಣೀರು ತುಂಬಿದ ಹಂಡೆಯನ್ನು ಕುದಿ ಬರಿಸಲು ಇಷ್ಟು ಶಕ್ತಿ ಸಾಕು.

ಇದೇ ಕಾರು ಪೇಟೆಯಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಚಲನೆಯಲ್ಲಿರುವ ಶಕ್ತಿ ಸುಮಾರು 93 ಸಾವಿರ ಜೌಲ್ ಅಷ್ಟೇ. ಅಂದರೆ ಬರೀ ಬ್ರೇಕ್ ನಂಬಿ ಗಿರಿ ಇಳಿಯುವುದೂ ಒಂದೇ, 40ರ ವೇಗದಿಂದ ಗಾಡಿಯನ್ನು 110 ಸಲ ಪೂರ್ತಿ ನಿಲ್ಲಿಸುವುದೂ ಒಂದೇ. ಊರಲ್ಲಿ ವಾರಗಟ್ಟಲೆ ಹಂಚಿಹೋಗುವ ಕೆಲಸವನ್ನು ಒಂದೇ ಇಳಿತದಲ್ಲಿ ಮಾಡಿಸುತ್ತೇವೆ. ಟೈರಿನ ಉರುಳಾಟ, ಗಾಳಿಯ ತಡೆ ಒಂದಷ್ಟು ತಿನ್ನುತ್ತವೆ, ನಿಜ. ಆದರೆ ದೊಡ್ಡ ಪಾಲು ಉಳಿದೇ ಉಳಿಯುತ್ತದೆ. ಶಕ್ತಿ ಮಾಯವಾಗುವುದಿಲ್ಲ. ಬ್ರೇಕಿಗೆ ಗೊತ್ತಿರುವುದು ಅದನ್ನು ಶಾಖ ಮಾಡುವುದು ಮಾತ್ರ.

ಆ ಶಾಖ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಬ್ರೇಕ್ ಆಯಿಲಿಗೆ ಹೋಗುತ್ತದೆ. ನಾನು ಜಾಸ್ತಿ ಚಿಂತೆ ಮಾಡುವುದು ಈ ಆಯಿಲಿನ ಬಗ್ಗೆ. ಇದಕ್ಕೆ ಗಾಳಿಯ ತೇವ ಹೀರುವ ಗುಣ ಇದೆ. ಡಾಟ್ 3 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತವೆ. ದ್ರವವನ್ನು ಒತ್ತಿದರೆ ಒತ್ತಡ ನೇರವಾಗಿ ಚಕ್ರಕ್ಕೆ ಮುಟ್ಟುತ್ತದೆ. ಆವಿ ಹಾಗಲ್ಲ, ಅದು ತಾನೇ ಕುಗ್ಗುತ್ತದೆ. ಪೆಡಲ್ ಒಳಗೆ ಹೋಗುವುದು ಇದಕ್ಕೇ. ತಣ್ಣಗಾದರೆ ಗುಳ್ಳೆ ಕರಗಿ ಪೆಡಲ್ ಮತ್ತೆ ಗಟ್ಟಿಯಾಗುತ್ತದೆ. ಮಲೆನಾಡಿನ ಮಳೆಗಾಲ ಕಂಡ ಗಾಡಿಯಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು. "ಲೆವೆಲ್ ಸರಿ ಇದೆಯಲ್ಲ, ಯಾಕೆ ಬದಲಿಸಬೇಕು?" ಅಂತ ಕೇಳುತ್ತಾರೆ. ಲೆವೆಲ್ ನೋಡಿದರೆ ತೇವ ಗೊತ್ತಾಗುವುದಿಲ್ಲ.

ಹಾಗಾದರೆ ಈ ಶಾಖವನ್ನು ಬೇರೆ ಯಾರಾದರೂ ಹೊರಬೇಕು, ಅಲ್ವಾ? ಅದು ಎಂಜಿನ್. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಗಾಳಿ ಎಳೆಯಲು, ಒಳಗಿನ ಘರ್ಷಣೆ ಮೀರಲು ಶಕ್ತಿ ಖರ್ಚಾಗುತ್ತದೆ. ಹಾಗೆ ಹುಟ್ಟುವ ಶಾಖ ಹೊರಹಾಕಲು ರೇಡಿಯೇಟರ್, ಸೈಲೆನ್ಸರ್ ಎರಡೂ ಇವೆ. ಗೇರ್ ಕೆಳಗಿದ್ದಷ್ಟೂ ಚಕ್ರದ ಒಂದು ಸುತ್ತಿಗೆ ಎಂಜಿನ್ ಹೆಚ್ಚು ಸಲ ತಿರುಗುತ್ತದೆ, ಹಿಡಿತವೂ ಹೆಚ್ಚುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಳೆಯ ಘಾಟಿ ಡ್ರೈವರ್‌ಗಳು ಹೇಳುವುದು ಸುಮ್ನೆ ಅಲ್ಲ. ಗೇರ್ ಹಾಕುವುದು ಮೇಲೆ, ಇಳಿಜಾರು ಶುರುವಾಗುವ ಮೊದಲೇ. ವೇಗ ಏರಿದ ಮೇಲೆ ಹುಡುಕಿದರೆ ಕೆಳಗಿನ ಗೇರ್ ಬೀಳುವುದೇ ಕಷ್ಟ.

ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವವರು ಈಗಲೂ ಇದ್ದಾರೆ. ಈ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಇಂದಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಇಂಧನ ಬೇಕೇ ಬೇಕು. ಎಂಜಿನ್ ಆಫ್ ಮಾಡಿದರಂತೂ ಕಾಲಿನ ಒತ್ತನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್, ಪವರ್ ಸ್ಟೀರಿಂಗ್ ಎರಡರ ಸಹಾಯವೂ ಕೈಬಿಡುತ್ತದೆ.

ನಿಧಾನ ಹೋದರೆ ಒಟ್ಟು ಶಾಖ ಕಡಿಮೆಯಾಗುವುದಿಲ್ಲ, ಎತ್ತರ ಅಷ್ಟೇ ಇದೆಯಲ್ಲ. ಆದರೆ ತಣಿಯಲು ಸಮಯ ಸಿಗುತ್ತದೆ. ಇದೇ ದಾರಿಯ ಸೀತಾಳಯ್ಯನಗಿರಿಯಿಂದ ಕೆಳಗಿನ ಕೈಮರದವರೆಗೆ 40ರ ಬದಲು 20ರಲ್ಲಿ ಇಳಿದರೆ ಎರಡು ಪಟ್ಟು ಸಮಯ. ತಿರುವಿನಲ್ಲೂ ವೇಗದ್ದೇ ಮಾತು. 15 ಮೀಟರ್ ತ್ರಿಜ್ಯದ ಹೇರ್‌ಪಿನ್‌ನಲ್ಲಿ ಟೈರು ಹಿಡಿದು ನಿಲ್ಲುವ ಮಿತಿ ಒಣ ರಸ್ತೆಯಲ್ಲಿ ಸುಮಾರು 36 ಕಿ.ಮೀ., ಒದ್ದೆ ರಸ್ತೆಯಲ್ಲಿ 27ರ ಆಸುಪಾಸು. ಗಾಡಿ ಭಾರವಾದಷ್ಟೂ ಟೈರಿನ ಹಿಡಿತವೂ ಹೆಚ್ಚು, ತಿರುಗಲು ಬೇಕಾದ ಬಲವೂ ಅಷ್ಟೇ ಹೆಚ್ಚು. ಹಾಗಾಗಿ ಈ ಲೆಕ್ಕದಲ್ಲಿ ತೂಕ ಎರಡೂ ಕಡೆ ಹೊಡೆದುಹೋಗುತ್ತದೆ. ಭಾರದ ಗಾಡಿ ಜಾರುವುದಿಲ್ಲ ಎನ್ನುವುದು ಬರೀ ನಂಬಿಕೆ. ಕಾಫಿ ಮೂಟೆ ಎತ್ತರಕ್ಕೆ ಪೇರಿಸಿದ ಪಿಕಪ್ಪು ಜಾರುವ ಮೊದಲೇ ಮಗುಚಬಹುದು.

ಬಾಡಿಗೆ ಸ್ಕೂಟರ್‌ನಲ್ಲಿ ಬರುವ ಹುಡುಗರಿಗೆ ಒಂದು ಮಾತು. ಗೇರಿಲ್ಲದ ಸ್ಕೂಟರ್‌ನಲ್ಲಿ ವೇಗ ಇಳಿದಂತೆ ಕ್ಲಚ್ ಬಿಟ್ಟುಕೊಳ್ಳುತ್ತದೆ, ಎಂಜಿನ್ ಹಿಡಿತ ಇರುವುದಿಲ್ಲ. ಇಡೀ ಭಾರ ಬ್ರೇಕಿನದ್ದೇ. ಎರಡೂ ಬ್ರೇಕ್ ಬಳಸಿ, ಮಧ್ಯೆ ನಿಲ್ಲಿಸಿ. ಕಾರಾಗಲಿ ಸ್ಕೂಟರಾಗಲಿ, ಸುಡುವ ಡಿಸ್ಕಿಗೆ ನೀರು ಹೊಯ್ಯಬೇಡಿ, ಅದು ಸೊಟ್ಟಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಕಾರಿನಲ್ಲಿ ಪೆಡಲ್ ಒಳಗೆ ಹೋದರೆ ಬೇಗಬೇಗ ತುಳಿದು ಬಿಟ್ಟು ಮಾಡಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪಸ್ವಲ್ಪವೇ ಎಳೆಯಿರಿ. ಅದಕ್ಕೂ ನಿಲ್ಲದಿದ್ದರೆ ಪ್ರಪಾತದ ಕಡೆಗಲ್ಲ, ಗುಡ್ಡದ ಕಡೆಗೆ ತಿರುಗಿಸಿ.

ಬ್ರೇಕಿನ ಭಾರ ಇಳಿಸುವ ಉಪಾಯ ರೈಲಿನಲ್ಲೂ ಇದೆ. ಹಾಸನ ಜಿಲ್ಲೆಯ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ರೈಲು ದಾರಿಯಲ್ಲಿ 50 ಮೀಟರ್‌ಗೆ 1 ಮೀಟರ್ ಇಳಿತ. ಅಂಥ ಇಳಿತದಲ್ಲಿ ಡೀಸೆಲ್ ರೈಲು ಎಂಜಿನ್‌ಗಳು ಚಕ್ರ ತಿರುಗಿಸುವ ತಮ್ಮ ಎಲೆಕ್ಟ್ರಿಕ್ ಮೋಟಾರನ್ನೇ ಜನರೇಟರ್ ಮಾಡಿಕೊಳ್ಳುತ್ತವೆ. ಹುಟ್ಟಿದ ಕರೆಂಟನ್ನು ರೆಸಿಸ್ಟರ್‌ಗಳಲ್ಲಿ ಕಾಯಿಸಿ ಗಾಳಿಗೆ ಬಿಡುತ್ತವೆ.

ಎಲೆಕ್ಟ್ರಿಕ್ ಕಾರು ಇನ್ನೂ ಒಂದು ಹೆಜ್ಜೆ ಮುಂದೆ. ಆ ಕರೆಂಟನ್ನು ಬ್ಯಾಟರಿಗೇ ತುಂಬುತ್ತದೆ. ನಮ್ಮ ಒಂದು ಕೋಟಿ ಜೌಲ್ ಅಂದರೆ ಸುಮಾರು 3 ಯೂನಿಟ್. ಅದರಲ್ಲಿ ಸ್ವಲ್ಪ ನಷ್ಟವಾಗಿ ಉಳಿದದ್ದು ಬ್ಯಾಟರಿಗೆ ವಾಪಸ್ ಬರುತ್ತದೆ. ಆದರೆ ಬ್ಯಾಟರಿ ಮೊದಲೇ ತುಂಬಿದ್ದರೆ ಅದಕ್ಕೆ ಜಾಗ ಎಲ್ಲಿ? ಆಗ ಈ ಹಿಡಿತ ಕಡಿಮೆಯಾಗಿ ಭಾರ ಮತ್ತೆ ಬ್ರೇಕಿನ ಮೇಲೇ ಬೀಳುತ್ತದೆ. ಗಿರಿಯ ಹೋಂಸ್ಟೇಗಳಲ್ಲಿ ರಾತ್ರಿ ಚಾರ್ಜ್‌ಗೆ ಹಾಕುವವರು 100ಕ್ಕೆ ಬಿಡದೆ 85ರ ಹತ್ತಿರ ನಿಲ್ಲಿಸಿ. ಉಳಿದದ್ದರಲ್ಲಿ ಒಂದು ಪಾಲು ಇಳಿಯುವ ದಾರಿಯಲ್ಲೇ ತುಂಬುತ್ತದೆ.